ತಪ್ಪೆಲ್ಲ ಬಟ್ಟೆಯದೇ

ಸೊಸೆ ಕಂಡಂತೆ, ಟೈಲರ್ ಮಾವನ ಅಂಗಡಿಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ತಪ್ಪೆಲ್ಲ ಬಟ್ಟೆಯದೇ. ಮೈ ಇಳಿದ ಮೇಷ್ಟ್ರು ಜೋಲಾಡುವ ಕೋಟು ಹಿಡಿದು ಬಂದರೆ, "ನಿಮ್ಮದೇನಿಲ್ಲ ಸಾರ್, ಈ ಬಟ್ಟೆಗೆ ನಿಯತ್ತಿಲ್ಲ, ಹಿಗ್ಬಿಟ್ಟಿದೆ" ಎಂದು ಕೋಟಿಗೇ ಛೀಮಾರಿ ಹಾಕುತ್ತಾರೆ. ಬೆನ್ನು ಬಾಗಿದ ಅಜ್ಜಿಯ ನೈಟಿ ನೆಲ ಗುಡಿಸಿದರೆ ಸೋಪಿನ ಮೇಲೆ ಗೂಬೆ ಕೂರಿಸುತ್ತಾರೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೀದಿಯ ಮುದುಕರನ್ನೆಲ್ಲ ಹೊಗಳಿ, ಹೊಲಿಗೆ ಒಳಗೆ ಹಿಡಿದು, ಎದೆಯುಬ್ಬಿಸಿಕೊಂಡು ಮನೆಗೆ ಹೋಗುವಂತೆ ಮಾಡುತ್ತಾರೆ. ಆಮೇಲೆ ತಮ್ಮ ನೀಲಿ ಅಂಗಿ ತಟ್ಟಿಕೊಂಡು, "ನನ್ನ ನೋಡಮ್ಮ, ನೀನು ಹುಟ್ಟೋಕೆ ಮುಂಚಿನ ಅಂಗಿ. ಇವತ್ತಿಗೂ ಅಚ್ಚು ಹೊಯ್ದ ಹಾಗೆ ಕೂರುತ್ತೆ!" ಎನ್ನುತ್ತಾರೆ. ಒಣಗಿದ ಕಡ್ಡಿಯಂತಾದ ಆ ಮೈಗೆ ಅದು ಹೇಗೆ ಕೂರುತ್ತದೋ ಎಂದು ಸೊಸೆಗೆ ಸೋಜಿಗ. ಇವತ್ತು ಇಸ್ತ್ರಿ ಮಾಡಲು ಅದೇ ಅಂಗಿಯ ಒಳಮಗ್ಗುಲು ತಿರುವಿದವಳ ಕೈ ಹಾಗೇ ನಿಂತಿತು. ಪಕ್ಕದ ಅಂಚಿನುದ್ದಕ್ಕೂ ಹೊಲಿಗೆ ಬಿಚ್ಚಿದ ಗುರುತು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕಡಿದ ಮರದಲ್ಲಿ ಕಾಣುವ ವರ್ಷಗಳ ಹಾಗೆ. ಕಟ್ಟಕಡೆಯದು ಕೈಹೊಲಿಗೆ, ಕೊಂಚ ಸೊಟ್ಟ, ಮಿಷನ್ ಮುಟ್ಟದವರದ್ದು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು: "ಬಟ್ಟೆ ಹಿಗ್ಗಿತ್ತು ಕಣೇ, ಅಷ್ಟೇ."