ದರ್ವೀಶನ ಗದ್ದ ಹೇಳಿದ ಮಾತು

ದೇವರು ಕೊಟ್ಟ ಕಿವಿಯನ್ನು ಒಂದು ಗಳಿಗೆ ನನ್ನತ್ತ ತಿರುಗಿಸಿರಿ, ಪ್ರಿಯರೇ. ನಮ್ಮ ಸೈದಾ ಪಟ್ಟಣದ ಬಂದರಿನಲ್ಲಿ ಮೀನಿನ ಹರಾಜು ಕೂಗುತ್ತಿದ್ದ ದರ್ವೀಶನೆಂಬವನ ವಿಷಯವನ್ನು ನಿಮಗೆ ಹೇಳಲೇಬೇಕಾಗಿದೆ. ನಮಾಝಿನ ಬಳಿಕ ಮಸೀದಿಯ ಕಂಬಕ್ಕೊರಗಿ ಕುಳಿತು ನಾಲ್ಕು ಒಳ್ಳೆಯ ಮಾತು ಆಡುವುದು ನನ್ನ ರೂಢಿ. ಇದನ್ನೂ ಹಾಗೆಯೇ ಸಮಾಧಾನದಿಂದ ಹೇಳಬೇಕೆಂದುಕೊಳ್ಳುತ್ತೇನೆ, ಆಗುವುದಿಲ್ಲ. ಧ್ವನಿ ತಾನಾಗಿ ಏರುತ್ತದೆ. ಏರಲಿ.

ಹರಾಜಿನ ಕಟ್ಟೆಯ ಮೇಲೆ ನಿಂತ ದರ್ವೀಶನ ಬಾಯಿ ಬೆಲೆ ಕೂಗುತ್ತಿದ್ದರೆ ಕಣ್ಣು ಕೊಳ್ಳುವವರ ಮುಖಗಳ ಮೇಲೆ ಓಡಾಡುತ್ತಿತ್ತು. ಅಲ್ಲಿ ಕೊಳ್ಳುವವರು ಬಾಯಿ ಬಿಡುವುದಿಲ್ಲ. ಗದ್ದ ತಗ್ಗಿದರೆ ಹೂಂ. ಹುಬ್ಬಿನೊಡನೆ ಗದ್ದ ಮೇಲಕ್ಕೆ ಹಾರಿದರೆ ಒಲ್ಲೆ. ತಾಯಿಯ ಮಡಿಲಿನಲ್ಲಿಯೇ ನಾವೆಲ್ಲರೂ ಕಲಿತ ಒಲ್ಲೆ ಅದು. ಒಮ್ಮೆ ದೋಣಿಯ ಒಡೆಯನೊಬ್ಬನು, ಗದ್ದವೆತ್ತಿದ ಮುದಿ ವ್ಯಾಪಾರಿಯ ಕೊರಳಿಗೆ ಬಾಡಿದ ಮೀನಿನ ಬುಟ್ಟಿಯನ್ನು ಕಟ್ಟಲು ನೋಡಿದನು. ದರ್ವೀಶನು ಹರಾಜನ್ನೇ ನಿಲ್ಲಿಸಿದನು.

"ಅವನು ಒಲ್ಲೆ ಅಂದ. ನನಗೆ ಕಾಣಿಸ್ತು. ನಿನಗೆ ಯಾಕೆ ಕಾಣಿಸ್ಲಿಲ್ಲ?"

ಒಡೆಯನು ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡನು. ದರ್ವೀಶನೆಂದರೆ ಹಾಗೆ.

ಅಂಥವನಿಗೆ ಲಕ್ವ ಹೊಡೆಯಿತು. ಕೈಕಾಲು ಸೋತವು, ನಾಲಗೆ ಬಿದ್ದುಹೋಯಿತು. ಕಣ್ಣು, ಹುಬ್ಬು, ಕತ್ತು ಮಾತ್ರ ಉಳಿದವು. ಮೀನುಪೇಟೆಯ ಮೇಲ್ಗಡೆಯ ಕೋಣೆಯಲ್ಲಿ ವಿಧವೆಯಾದ ಅಕ್ಕ ಬದ್ರಿಯಾ ಅವನನ್ನು ನೋಡಿಕೊಂಡಳು. ಮುಂಜಾನೆ ಅವಳು ಕಿಟಕಿಯನ್ನು ತೆರೆದರೆ ಹರಾಜಿನ ಕೂಗು ಒಳಗೆ ಬರುತ್ತಿತ್ತು. ಆಗ ಅವನ ಮುಖಕ್ಕೆ ಬರುತ್ತಿದ್ದ ಕಳೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಊರಿನ ಸೇವಾಸಂಘದಿಂದ ಲಮೀಸ್ ಎಂಬ ಹುಡುಗಿ ಅವನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದಳು. ಅವಳೇ ಒಂದು ಲ್ಯಾಪ್‌ಟಾಪನ್ನೂ ಚಲನೆಯನ್ನು ಗುರುತಿಸುವ ಪುಟ್ಟ ಕ್ಯಾಮೆರಾವನ್ನೂ ತಂದು ಅವನ ಮುಂದಿಟ್ಟಳು. ಅವನು ಕತ್ತನ್ನು ವಾಲಿಸಿದರೆ ಪರದೆಯ ಮೇಲಿನ ಬಾಣವೂ ಅತ್ತ ಸರಿಯುತ್ತಿತ್ತು. ಯಾವುದನ್ನೂ ಮುಟ್ಟದೆ ಅವನು ರೇಡಿಯೊ ಹಾಕಿಕೊಂಡನು, ಅಕ್ಕನನ್ನು ಕರೆಯುವ ಗಂಟೆ ಬಾರಿಸಿದನು. ಮನುಷ್ಯನ ಬುದ್ಧಿಯಲ್ಲಿ ಇಂಥದನ್ನು ಇಟ್ಟ ದೇವರಿಗೆ ನಾನು ಅಂದು ತುಂಬಿದ ಮನಸ್ಸಿನಿಂದ ಕೃತಜ್ಞತೆ ಸಲ್ಲಿಸಿದೆ. ಆ ಉಪಕರಣದ ಮೇಲೆ ನನಗೆ ಇಂದಿಗೂ ಕೋಪವಿಲ್ಲ.

ಕೋಪವಿರುವುದು ಬೇರೆಡೆ. ಸಂಘದ ಮುಖ್ಯಸ್ಥ ಉಸ್ತಾದ್ ನಬೀಹ್ ದರ್ವೀಶನನ್ನು ದೂರದ ಬೆಟ್ಟದ ಮೇಲಿನ ಆಶ್ರಯಧಾಮಕ್ಕೆ ಸಾಗಿಸಬೇಕೆಂದು ಹಟ ಹಿಡಿದಿದ್ದರು. ಅಲ್ಲಿ ಹಾಸಿಗೆಗಳು ಖಾಲಿ ಬಿದ್ದಿದ್ದವು. ಬದ್ರಿಯಾ ಆಗದೆಂದಳು. ರೋಗಿಯ ಮಾತೇ ನಮಗೆ ಮುಖ್ಯ, ಈಗಂತೂ ಅವನನ್ನೇ ಕೇಳಬಹುದಲ್ಲ ಎಂದ ನಬೀಹ್, ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಹೊಸ ಪ್ರೋಗ್ರಾಮೊಂದನ್ನು ಆ ದಿನವೇ ಹಾಕಿಸಿದರು. ತಲೆ ಮೇಲೆ ಕೆಳಗೆ ಆಡಿದರೆ ಹೌದು, ಅಡ್ಡಡ್ಡ ಆಡಿದರೆ ಇಲ್ಲ. ಯಾವುದೋ ದೂರದ ಊರಿನಲ್ಲಿ ಕುಳಿತವರು ಬರೆದದ್ದು ಅದು.

ಬದ್ರಿಯಾ ಕರೆಕಳುಹಿಸಿದ್ದರಿಂದ ನಾನು ಹೋದೆ. ಕೆಳಗೆ ಬೀದಿಯಲ್ಲಿ ಸಂಘದ ವ್ಯಾನ್ ಆಗಲೇ ಸಿದ್ಧವಾಗಿ ನಿಂತಿತ್ತು. ಬಾಗಿಲಲ್ಲಿ ಬೆಸ್ತರು ಕಿಕ್ಕಿರಿದಿದ್ದರು. ಎಲ್ಲರಿಗೂ ಕಾಣಲೆಂದು ಬಾಗಿಲ ಕಡೆ ತಿರುಗಿಸಿದ್ದ ಪರದೆ ನನಗೆ ಕಾಣುತ್ತಿತ್ತು. ದರ್ವೀಶನ ಮುಖ ಅದರ ಮರೆಯಲ್ಲಿತ್ತು. ಬದ್ರಿಯಾ ಒಳಗೆ ಒಲೆಯ ಮುಂದಿದ್ದಳು. ಲಮೀಸಳ ಕಣ್ಣು ಪರದೆಯಲ್ಲಿಯೇ ನೆಟ್ಟಿತ್ತು. ಅವನಿಗೆ ಎದುರಾಗಿ ಕುಳಿತಿದ್ದವರು ನಬೀಹ್ ಒಬ್ಬರೇ. ಬೆಟ್ಟಕ್ಕೆ ಹೋಗುವೆಯಾ ಎಂದು ಅವರು ಕೇಳಿದರು. ಪರದೆಯಲ್ಲಿ "ಹೌದು" ಎಂದು ಮೂಡಿತು. ಕ್ಷಣ ಬಿಟ್ಟು ಮತ್ತೆ ಹೌದು, ಮತ್ತೆ ಹೌದು.

"ನೋಡಿ, ಎಷ್ಟು ಆತುರ ಇವನಿಗೆ," ಎಂದು ನಬೀಹ್ ನಕ್ಕರು.

ಆತುರವಂತೆ! ಒಬ್ಬ ಮನುಷ್ಯನು ಉಳಿದಿರುವ ಶಕ್ತಿಯನ್ನೆಲ್ಲ ಕತ್ತಿಗೆ ತಂದು, ಗದ್ದವನ್ನು ಮತ್ತೆ ಮತ್ತೆ ಮೇಲೆತ್ತಿ, ಒಲ್ಲೆ ಒಲ್ಲೆ ಎಂದು ಕೂಗುತ್ತಿದ್ದನು. ಎದುರಿಗಿದ್ದವರು ಇದೇ ಮಣ್ಣಿನಲ್ಲಿ ಹುಟ್ಟಿದವರು, ತಮ್ಮ ಹೋಟೆಲಿಗೆ ಮೀನು ಕೊಳ್ಳಲು ಬಂದು ಇದೇ ದರ್ವೀಶನಿಗೆ ವರ್ಷಗಟ್ಟಲೆ ಗದ್ದವೆತ್ತಿ ತೋರಿಸಿದವರು. ಅವರ ಒಲ್ಲೆಯನ್ನು ದರ್ವೀಶನು ಒಂದು ಸಲವೂ ತಪ್ಪಾಗಿ ಓದಿರಲಿಲ್ಲ. ಕಣ್ಣ ಮುಂದಿನ ಮುಖವನ್ನು ಬಿಟ್ಟು ಗಾಜಿನ ಮೇಲಿನ ಅಕ್ಷರವನ್ನು ನಂಬಲು ಎಂಥ ಕುರುಡು ಬೇಕು?

ಬದ್ರಿಯಾ ಹೊರಗೆ ಬಂದಳು. ತಮ್ಮನು ಒಪ್ಪಿದನೆಂದು ತಿಳಿದು ಕಣ್ಣೊರಸಿಕೊಂಡಳು. ಆದರೂ ಅತಿಥಿ ಅತಿಥಿಯೇ. ಕಾಫಿ ಕೊಟ್ಟಳು. ಬಟ್ಟಲಿಗೆ ಎರಡನೆಯ ಸಲ ಬಗ್ಗಿಸಲು ಬಂದಾಗ ನಬೀಹ್ ಗದ್ದವೆತ್ತಿದರು. ಅವಳು ಹೂಜಿಯನ್ನು ಹಿಂದಕ್ಕೆ ತೆಗೆದುಕೊಂಡು, ತಿರುಗಿದವಳು ಅಲ್ಲಿಯೇ ನಿಂತುಬಿಟ್ಟಳು. ಎದುರಿಗೆ ತಮ್ಮನ ಗದ್ದವೂ ಮೇಲೆದ್ದಿತ್ತು. ಪರದೆ ಮತ್ತೆ ಹೌದೆಂದಿತು.

"ಉಸ್ತಾದ್, ಈಗ ನೀವು ಏನಂದ್ರಿ?"

"ನಾನೇನಂದೆ ಹಾಜಿಯಮ್ಮ? ಕಾಫಿ ಸಾಕು ಅಂದೆ, ಅಷ್ಟೇ."

"ಬಾಯಲ್ಲಿ ಅನ್ಲಿಲ್ಲ. ನೀವು ಗದ್ದ ಎತ್ತಿದ್ರಿ, ನಾನು ಕಾಫಿ ವಾಪಸ್ ತಗೊಂಡೆ. ನನ್ನ ತಮ್ಮ ಗದ್ದ ಎತ್ತಿದ್ರೆ ನೀವು ಅವನನ್ನೇ ಎತ್ಕೊಂಡು ಹೋಗ್ತೀರಾ?"

ಯಂತ್ರ ಸುಳ್ಳು ಹೇಳುವುದಿಲ್ಲವೆಂದು ನಬೀಹ್ ಗೊಣಗಿದರು. ಹಾಗಿದ್ದರೆ ಅದನ್ನು ಇವರ ಕಡೆ ತಿರುಗಿಸು ಮಗಳೇ ಎಂದಳು ಬದ್ರಿಯಾ. ಮುಖ ಬಿಳಿಚಿಕೊಂಡಿದ್ದ ಲಮೀಸ್ ಕ್ಯಾಮೆರಾವನ್ನು ತಿರುಗಿಸಿದಳು.

"ಉಸ್ತಾದ್, ಇವತ್ತೇ ನಿಮ್ಮನ್ನ ಬೆಟ್ಟದ ಮೇಲೆ ಬಿಟ್ಟು ಬರೋಣ್ವಾ?" ಎಂದು ಬದ್ರಿಯಾ ಕೇಳಿದಳು.

ಬುದ್ಧಿ ತಡೆಯುವ ಮೊದಲೇ ನಬೀಹರ ಗದ್ದ ಮೇಲಕ್ಕೆ ಹಾರಿತು. ಪರದೆ ಹೌದೆಂದಿತು.

"ವ್ಯಾನ್ ಹೆಂಗೂ ಕೆಳಗೆ ನಿಂತಿದೆ ಉಸ್ತಾದ್. ಖಾಲಿ ಯಾಕೆ ಹೋಗ್ಬೇಕು?" ಎಂದನು ಬಾಗಿಲ ಬಳಿಯ ಬೆಸ್ತನೊಬ್ಬ. ನಗು ಮೆಟ್ಟಿಲಿಳಿದು ಬೀದಿಯವರೆಗೂ ಹೋಯಿತು. ನನಗೆ ನಗು ಬರಲಿಲ್ಲ. ಕಾಫಿಯ ಹೂಜಿಯೊಂದು ನಡುವೆ ಬಾರದಿದ್ದರೆ ಅಷ್ಟು ಹೊತ್ತಿಗೆ ದರ್ವೀಶನು ಆ ವ್ಯಾನಿನಲ್ಲಿರುತ್ತಿದ್ದನು.

ಲಮೀಸ್ ಕೂತಲ್ಲಿಯೇ ಪ್ರೋಗ್ರಾಮನ್ನು ಬದಲಿಸಿದಳು: ಗದ್ದ ಎದ್ದರೆ ಇಲ್ಲ, ತಗ್ಗಿದರೆ ಹೌದು. ಬಳಿಕ ಕ್ಯಾಮೆರಾವನ್ನು ಮತ್ತೆ ದರ್ವೀಶನ ಕಡೆ ತಿರುಗಿಸಿ, ಅವನ ಮುಂದೆ ಮಂಡಿಯೂರಿ, ಅವನ ಮುಖವನ್ನೇ ನೋಡುತ್ತ, ಬೆಟ್ಟಕ್ಕೆ ಹೋಗುವೆಯಾ ಚಿಕ್ಕಪ್ಪಾ ಎಂದು ಕೇಳಿದಳು. ಗದ್ದ ಎದ್ದಿತು. "ಇಲ್ಲ" ಎಂದು ಮೂಡಿತು. ಇಲ್ಲಿಯೇ ಅಕ್ಕನ ಬಳಿ ಇರುವೆಯಾ? ಗದ್ದವು ಎದೆಗೆ ತಾಗುವಷ್ಟು ತಗ್ಗಿತು. ವ್ಯಾನ್ ಖಾಲಿಯಾಗಿಯೇ ಹೋಯಿತು. ನಬೀಹರು ಕ್ಷಮೆ ಕೇಳಲಿಲ್ಲ. ಯಂತ್ರವನ್ನು ಸರಿಪಡಿಸಬೇಕಿತ್ತು ಎಂದಷ್ಟೇ ಹೇಳಿ ಇಳಿದುಹೋದರು.

ಪ್ರಿಯರೇ, ನಿಮ್ಮ ಮನೆಯಲ್ಲಿಯೂ ಮಾತು ಸೋತವರೊಬ್ಬರು ಇರಬಹುದು. ಅವರ ಮುಂದೆ ಯಾವ ಉಪಕರಣವನ್ನಾದರೂ ಇಡಿರಿ, ದೇವರು ಮೆಚ್ಚುವ ಕೆಲಸವೇ. ಆದರೆ ಅದಕ್ಕೂ ಮೊದಲು ಆ ಹುಡುಗಿಯಂತೆ ಎದುರಿಗೆ ಮಂಡಿಯೂರಿ, ಇವರು ಒಲ್ಲೆ ಎನ್ನುವುದು ಹೇಗೆಂಬುದನ್ನು ಮುಖ ನೋಡಿ ತಿಳಿದುಕೊಳ್ಳಿರಿ. ಇಂದೇ, ಮನೆಗೆ ಹೋದೊಡನೆ ತಿಳಿದುಕೊಳ್ಳಿರಿ.