ಲೇಡೀಸ್ ಡಬ್ಬಾದ ಒಂದು ಹಿಡಿ ಸೊಪ್ಪು

ಎದೆಯೊಳಗೆ ಲೋಹದ ಕವಾಟ ಕೂರಿಸಿಕೊಂಡು ಬಂದ ನನಗೆ ಡಾಕ್ಟರು ಮೊಟ್ಟಮೊದಲು ಬೈದದ್ದು ಮೆಂತ್ಯಸೊಪ್ಪಿನ ವಿಷಯಕ್ಕೆ. ಭಾರ ಎತ್ತಿದ್ದಕ್ಕಲ್ಲ, ಮಾತ್ರೆ ಮರೆತದ್ದಕ್ಕೂ ಅಲ್ಲ. ಆಪರೇಷನ್ನಿನ ಕಥೆ ಕೇಳಲು ಬಂದವರಿಗೆಲ್ಲ ನಾನು ಮೊದಲು ಇದನ್ನೇ ಹೇಳುತ್ತೇನೆ. ಮುಖ ಸಣ್ಣಗೆ ಮಾಡಿಕೊಂಡು ಕನಿಕರ ತೋರಿಸಲು ಕೂತವರು ಪೆಚ್ಚಾಗುವುದನ್ನು ನೋಡುವುದೆಂದರೆ ನನಗೆ ಇಷ್ಟ.

ನಾನು ಮೈಸೂರಿನವಳು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಕೀಲುಗಳನ್ನೆಲ್ಲ ನೋಯಿಸಿ, ಹೋಗುವಾಗ ಹೃದಯದ ಒಂದು ಕವಾಟವನ್ನೂ ಕೆಡಿಸಿ ಹೋಗಿತ್ತಂತೆ. ಅದು ಗೊತ್ತಾದದ್ದು ಮದುವೆಯಾಗಿ ಮುಂಬಯಿಗೆ ಬಂದು ಹತ್ತು ವರ್ಷ ಕಳೆದ ಮೇಲೆ, ಮುಲುಂಡಿನ ನಮ್ಮ ಬಿಲ್ಡಿಂಗಿನ ಮೂರು ಮಹಡಿ ಹತ್ತಲು ಮೂರು ಕಡೆ ಕೂರುವ ಹಾಗಾದಾಗ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಹಳೆಯ ಕವಾಟ ತೆಗೆದು ಹೊಸದನ್ನು ಹಾಕಿದರು. ಆಗ ನನಗೆ ಮೂವತ್ತನಾಲ್ಕು. ದಾದರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ.

ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ರಕ್ತ ಗಟ್ಟಿಯಾದರೆ ಕವಾಟಕ್ಕೆ ಅಪಾಯ, ತೀರಾ ತೆಳುವಾದರೆ ಎಲ್ಲೆಂದರಲ್ಲಿ ಸೋರುವ ಅಪಾಯ. ಎರಡರ ನಡುವೆ ಹದ ಇದೆಯೇ ಎಂದು ನೋಡಲು ತಿಂಗಳಿಗೊಮ್ಮೆ ಪರೀಕ್ಷೆ. ಡಾಕ್ಟರು ಇಷ್ಟು ಹೇಳಿ, "ಹದ ಸರಿ ಇದ್ರೆ ಕೆಲಸಕ್ಕೆ ಹೋಗಿ, ಲೋಕಲ್ ಟ್ರೈನಲ್ಲೂ ಹೋಗಿ, ಎಂತ ತೊಂದರೆ ಇಲ್ಲ" ಅಂದಿದ್ದರು. ಅವರು ಉಡುಪಿ ಕಡೆಯವರು. ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದ ನನ್ನ ಗಂಡನಿಗೆ ಆ ಮಾತಿನಲ್ಲಿ ಕೇಳಿಸಿದ್ದು 'ಹದ ಸರಿ ಇದ್ರೆ' ಅನ್ನುವಷ್ಟು ಮಾತ್ರ.

ನನ್ನ ಗಂಡ ಒಳ್ಳೆಯವರು. ಒಳ್ಳೆಯವರು ಹೆದರಿಕೊಂಡರೆ ಅವರ ಜೊತೆ ಬಾಳುವುದು ಬಹಳ ಕಷ್ಟ. ನಾನು ನೀರಿನ ಬಿಂದಿಗೆ ಮುಟ್ಟಿದರೆ ಓಡಿಬರುತ್ತಿದ್ದರು. ಸೀನಿದರೆ ಪೇಪರು ಕೆಳಗಿಡುತ್ತಿದ್ದರು. ಮೆಟ್ಟಿಲಿಳಿಯುವಾಗ ರಟ್ಟೆ ಹಿಡಿಯುತ್ತಿದ್ದರು. "ಕೆಲಸ ಬಿಟ್ಟುಬಿಡು, ನನ್ನ ಸಂಬಳ ಸಾಲದೇನು?" ಅಂದರು. ನಾನು ಹಟ ಹಿಡಿದೆ. ಇಡೀ ಬೇಸಿಗೆ ಮಂಚದ ಮೇಲೆ ಕೂತು ಎದುರು ಬಿಲ್ಡಿಂಗಿನಲ್ಲಿ ಒಣಗುವ ಬಟ್ಟೆ ನೋಡಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು. ಬದುಕಲೆಂದು ಎದೆ ಕೊಯ್ಯಿಸಿಕೊಂಡವಳು ನಾನು, ಬೀರುವಿನಲ್ಲಿಡಲು ಅಲ್ಲ. ಕೊನೆಗೆ ಒಂದು ರಾಜಿಯಾಯಿತು. ಮೂರು ತಿಂಗಳು ಹೋಗಿ ನೋಡುವುದು. ಮೂರು ಪರೀಕ್ಷೆ. ಹದ ನಿಂತರೆ ಕೆಲಸ, ನಿಲ್ಲದಿದ್ದರೆ ರಾಜೀನಾಮೆ.

ಜೂನ್ ತಿಂಗಳಲ್ಲಿ ಮತ್ತೆ ಟ್ರೈನು ಹತ್ತಿದೆ. ಸಂಜೆ ದಾದರಿನಲ್ಲಿ ನಾನು ಹತ್ತುವ ಲೋಕಲ್ಲಿನ ಲೇಡೀಸ್ ಡಬ್ಬಾದಲ್ಲಿ, ಎಂದರೆ ಹೆಂಗಸರ ಬೋಗಿಯಲ್ಲಿ, ನಮ್ಮದೊಂದು ಗುಂಪಿತ್ತು. ಗುಂಪಿನ ಯಜಮಾನತಿ ಎಂದರೆ ಕಿಟಕಿ ಪಕ್ಕದ ಸೀಟಿನ ಮರಾಠಿ ಬಾಯಿ. ಟ್ರೈನು ಹೊರಡುವ ವಿ.ಟಿ. ಸ್ಟೇಷನ್ನಿನಿಂದಲೇ ಕೂತು ಬರುವವರಾದ್ದರಿಂದ ಆ ಸೀಟು ಅವರ ತವರಿನ ಆಸ್ತಿಯಂತಿತ್ತು. ಅವರ ಎದುರಿಗೆ ಹುಬ್ಬಳ್ಳಿ ಕಡೆಯಾಕೆ, ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ. ಉಳಿದವರು ಆರೇಳು ಮಂದಿ. ನನ್ನನ್ನು ಕಂಡದ್ದೇ ಎಲ್ಲರೂ ಒಟ್ಟಿಗೆ ಕೂಗಿದರು. ಅದುವರೆಗೆ ನನಗೆ ಒಂದು ದಿನವೂ ಸಿಗದಿದ್ದ ಕಿಟಕಿ ಸೀಟು ಆವತ್ತು ಸಿಕ್ಕಿತು.

ಸಾಯನ್ ದಾಟಿದ ಮೇಲೆ ಸಿಗ್ನಲ್ ಸಿಗದೆ ಟ್ರೈನು ನಿಂತಿತು. ಫ್ಯಾನೂ ನಿಂತಿತು. ಡಬ್ಬಾ ಒಂದು ಗಳಿಗೆ ಸುಮ್ಮನಾದಾಗ ನನ್ನ ಎದೆಯ ಟಿಕ್ ಟಿಕ್ ಎಲ್ಲರಿಗೂ ಕೇಳಿಸಿತು.

"ಅಗ ಬಾಯಿ, ಕೋಣಾಚಂ ಘಡ್ಯಾಳ್ ಆಹೇ ಹೇ?" ಯಾರ ಗಡಿಯಾರ ಇದು ಎಂದು ಮರಾಠಿ ಬಾಯಿ ಸುತ್ತ ನೋಡಿದರು. ನನ್ನದೇ ಎಂದು ಎದೆ ತೋರಿಸಿದೆ. ಅವರು ಬಗ್ಗಿ ಕಿವಿಯಿಟ್ಟು ಕೇಳಿದರು. ಆಮೇಲೆ ಸರದಿಯಂತೆ ಎಲ್ಲರೂ ಕೇಳಿದರು. ಕುರ್ಲಾದಲ್ಲಿ ಹತ್ತಿದ ಪರಿಚಯವಿಲ್ಲದ ಹೆಂಗಸೊಬ್ಬಳೂ ಕ್ಯೂನಲ್ಲಿ ಸೇರಿಕೊಂಡಳು. ನಗು ತಡೆಯಲಾರದೆ ನನ್ನ ಹೊಲಿಗೆ ನೋಯತೊಡಗಿತು.

ಈಗ ಸೊಪ್ಪಿನ ವಿಷಯ. ಆ ಡಬ್ಬಾದಲ್ಲಿ ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ. ದಾದರ್ ಸ್ಟೇಷನ್ನಿನ ಹೊರಗೆ ಕಟ್ಟು ಕಟ್ಟು ಸೊಪ್ಪು ಕೊಂಡು ಹತ್ತುವುದು, ಮಡಿಲಲ್ಲಿ ಪೇಪರು ಹಾಸಿ ಬಿಡಿಸುವುದು, ಠಾಣೆ ಬರುವಷ್ಟರಲ್ಲಿ ರಾತ್ರಿಯ ಅಡುಗೆಗೆ ಅರ್ಧ ಕೆಲಸ ಮುಗಿಸಿಕೊಳ್ಳುವುದು. ಅದರಲ್ಲೂ ಒಂದು ಪದ್ಧತಿಯಿತ್ತು. ಹೆತ್ತು ಬಂದವಳು, ಕಾಯಿಲೆಯಿಂದ ಎದ್ದು ಬಂದವಳು 'ಸವ್ವಾ ಮಹಿನಾ', ಎಂದರೆ ಒಂದೂಕಾಲು ತಿಂಗಳು, ಡಬ್ಬಾದಲ್ಲಿ ಸೊಪ್ಪು ಬಿಡಿಸುವಂತಿಲ್ಲ. ಉಳಿದವರು ತಂತಮ್ಮದರಿಂದ ಒಂದೊಂದು ಪಾಲು ಬಿಡಿಸಿ ಅವಳ ಚೀಲಕ್ಕೆ ಹಾಕಬೇಕು. ನನ್ನ ಚೀಲಕ್ಕೆ ದಿನಾ ಮೆಂತ್ಯ, ಪಾಲಕ್, ಸಬ್ಬಸಿಗೆ, ದಂಟು ಎಲ್ಲವೂ ಬಿದ್ದವು. ಬೇಡವೆಂದರೆ ಯಾರು ಕೇಳುತ್ತಾರೆ? ನಿಜ ಹೇಳಬೇಕೆಂದರೆ ನಾನು ಬೇಡವೆನ್ನಲೂ ಇಲ್ಲ. ಅಷ್ಟು ಜನ ನನಗೋಸ್ಕರ ಬೆರಳು ಹಸಿರು ಮಾಡಿಕೊಳ್ಳುವುದು ನನಗೆ ಬಹಳ ಖುಷಿ ಕೊಡುತ್ತಿತ್ತು. ಮನೆಗೆ ಹೋಗಿ ಒಂದು ದಿನ ಮಸ್ಸೊಪ್ಪು, ಒಂದು ದಿನ ಬಸ್ಸಾರು, ಒಂದು ದಿನ ಪಲ್ಯ. ಸೊಪ್ಪು ತಿಂದರೆ ರಕ್ತ ಹೆಚ್ಚುತ್ತದೆ, ಅಷ್ಟು ರಕ್ತ ಕಳೆದುಕೊಂಡವಳಿಗೆ ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡಿದ್ದೆ. ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಚೀಟಿಯಲ್ಲಿ ಸೊಪ್ಪಿನ ಬಗ್ಗೆ ಒಂದು ಸಾಲಿತ್ತು. ದಿನವಿಡೀ ಇಂಗ್ಲಿಷ್ ಟೈಪ್ ಮಾಡುವ ನಾನು ಆ ಸಾಲನ್ನು ಓದಿರಲಿಲ್ಲ.

ಮೊದಲ ಪರೀಕ್ಷೆಯಲ್ಲಿ ರಕ್ತ ಗಟ್ಟಿಯಾಗಿತ್ತು. ಡಾಕ್ಟರು ರಿಪೋರ್ಟು ತಿರುಗಿಸಿ ಮುರುಗಿಸಿ ನೋಡಿ, "ಎಂತ ತಿಂದ್ರಿ ನೀವು?" ಎಂದು ಕೇಳಿದರು. ನಾನು ಬಹಳ ಜಂಬದಿಂದ ಪಟ್ಟಿ ಹೇಳಿದೆ. ಅವರು ಹಣೆ ಹಿಡಿದುಕೊಂಡರು. "ಎಂತದ್ದು ಮಾರಾಯ್ರೇ! ಮಾತ್ರೆ ರಕ್ತವನ್ನ ತೆಳು ಮಾಡ್ತದೆ, ನೀವು ಬುಟ್ಟಿಗಟ್ಟಳೆ ಸೊಪ್ಪು ತಿಂದು ಮಾತ್ರೆಯ ಕೆಲಸ ಕೆಡಿಸ್ತೀರಿ. ನಿಮ್ಗೆ ಆಪರೇಷನ್ ಮಾಡಿದ್ದು ಮೆಂತ್ಯ ತಿನ್ಲಿಕ್ಕಾ?" ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಮತ್ತೆ ಬರೆದುಕೊಟ್ಟು, ಇನ್ನೇನನ್ನೋ ಹೇಳತೊಡಗಿದರು. ನಾನು ಅವಮಾನದಲ್ಲಿ ಕೇಳಿಸಿಕೊಳ್ಳದೆ ಎದ್ದು ಬಂದೆ. ನನ್ನ ಗಂಡ ಬಸ್‌ಸ್ಟಾಪಿನಲ್ಲಿ ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ, "ಇನ್ನೆರಡು ಸಲ ನೋಡ್ತೀನಿ" ಅಂದರು.

ಕೋಪ ಬಂದರೆ ನನಗೆ ಅರ್ಧ ಕೆಲಸ ಮಾಡಿ ಗೊತ್ತಿಲ್ಲ. ಸೊಪ್ಪನ್ನು ಪೂರ್ತಿ ಬಿಟ್ಟೆ. ಕೊತ್ತಂಬರಿಯನ್ನೂ ಮನೆಯೊಳಗೆ ತರಲಿಲ್ಲ. ಆದರೆ ಟ್ರೈನಿನವರಿಗೆ ಏನೆಂದು ಹೇಳುವುದು? ನಿಮ್ಮ ಪ್ರೀತಿಯಿಂದಲೇ ನನ್ನ ರಕ್ತ ಕೆಟ್ಟಿತು ಎಂದರೆ ಅವರು ನೊಂದುಕೊಳ್ಳುತ್ತಾರೆ. ಅಷ್ಟರಲ್ಲಿ ಚಾತುರ್ಮಾಸ ಬಂತು. ಆ ದಿನಗಳಲ್ಲಿ ಹೆಂಗಸರು ಏನಾದರೊಂದನ್ನು ತಿನ್ನುವುದಿಲ್ಲವೆಂದು ವ್ರತ ಹಿಡಿಯುವುದು ನಮ್ಮಲ್ಲೂ ಇದೆ, ಮರಾಠಿಯವರಲ್ಲೂ ಇದೆ. ಮರಾಠಿ ಬಾಯಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟಿದ್ದರು. ಇನ್ನೊಬ್ಬರು ಚಹಾ ಬಿಟ್ಟು ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುತ್ತಿದ್ದರು. "ನಾನು ಸೊಪ್ಪು ಬಿಟ್ಟಿದ್ದೇನೆ" ಅಂದೆ. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು, ಅಷ್ಟು ಸುಲಭವಾಗಿ ನಡೆದದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು.

ಕೆಲವು ವಾರ ಕಳೆಯುವಷ್ಟರಲ್ಲಿ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು. ಗಂಡನಿಗೆ ಕಾಣದಂತೆ ನೀರು ಸುರಿದು ಬೇಸಿನ್ ತೊಳೆದೆ. ಒಂದು ಸಂಜೆ ನೂಕುನುಗ್ಗಲಲ್ಲಿ ಟ್ರೈನಿನ ಕಂಬಕ್ಕೆ ತೋಳು ತಾಗಿತು. ಮರುದಿನ ಅಲ್ಲಿ ಅಂಗೈಯಗಲದ ಕಪ್ಪು ನೀಲಿ ಕಲೆ. ಸೆರಗು ಹೊದ್ದುಕೊಂಡಿದ್ದರೂ ಹುಬ್ಬಳ್ಳಿಯಾಕೆಯ ಕಣ್ಣಿಗೆ ಬೀಳದಿರಲಿಲ್ಲ. ಆಕೆ ಹಗಲೆಲ್ಲ ರೋಗಿಗಳ ನಡುವೆ ಇರುವವಳು.

"ರಟ್ಟಿ ಯಾಕವಾ ಹಿಂಗ ಕರ್ರಗಾಗೇತಿ?"

ನಾನು ಏನೋ ಒಂದು ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು. "ಖರೇ ಹೇಳು. ಇದು ವ್ರತಾನೋ ಹಟಾನೋ?"

ಘಾಟ್‌ಕೋಪರಿನಿಂದ ವಿಖ್ರೋಳಿಯವರೆಗೆ ಅವಳೊಬ್ಬಳಿಗೆ ಪಿಸುಗುಟ್ಟಿ ಎಲ್ಲವನ್ನೂ ಹೇಳಿದೆ. ಆಕೆ ಪಿಸುಗುಟ್ಟುವವಳಲ್ಲ. "ದೇವ್ರ ಹೆಸರಿಲೇ ಸುಳ್ಳ ಹೇಳ್ತಿ, ಮ್ಯಾಲೆ ರಕ್ತಾ ಮುಚ್ಚಿಡ್ತಿ! ನಾಳೆ ಮುಂಜಾನೆ ನೀನಾ ದವಾಖಾನಿಗೆ ಹೋಗ್ತೀಯೋ, ನಾ ಎಳಕೊಂಡ ಹೋಗ್ಲೋ?" ಇಡೀ ಡಬ್ಬಾ ತಿರುಗಿ ನೋಡಿತು. ಹಾಗಾಗಿ ಎಲ್ಲರಿಗೂ ಎಲ್ಲವೂ ಗೊತ್ತಾಯಿತು. ಮರಾಠಿ ಬಾಯಿಯ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನಾನೂ ಅತ್ತೆ.

ಆವತ್ತೇ ಗಂಡನಿಗೂ ಹೇಳಿದೆ. ಮರುದಿನ ಪರೀಕ್ಷೆಯಲ್ಲಿ ರಕ್ತ ಬೇಕಾದದ್ದಕ್ಕಿಂತ ತೆಳುವಾಗಿತ್ತು. ಈ ಸಲ ಡಾಕ್ಟರು ಬೈಯಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡರು. "ಹೋದ ಸಲ ಪೂರ್ತಿ ಕೇಳದೆ ಎದ್ದು ಹೋದ್ರಿ. ನಾನು ಸೊಪ್ಪು ಬಿಡಿ ಅಂತ ಹೇಳ್ಲೇ ಇಲ್ಲ. ದಿನಾ ತಿನ್ನಿ. ಆದ್ರೆ ದಿನಾ ಅಷ್ಟೇ ತಿನ್ನಿ. ನೀವು ಒಂದೇ ಅಳತೆಯಲ್ಲಿ ತಿಂದ್ರೆ ಮಾತ್ರೆಯನ್ನ ನಾನು ಅದಕ್ಕೆ ಹೊಂದಿಸ್ತೇನೆ. ಮತ್ತೆ ರಕ್ತ ಬಂದ್ರೆ ಮುಚ್ಚಿಡ್ಬೇಡಿ, ಕೂಡ್ಲೇ ಬನ್ನಿ."

ಮನೆಗೆ ಬಂದ ಮೇಲೆ ನನ್ನ ಗಂಡ ಡ್ರಾಯಿಂಗಿನ ಮೇಲೆ ಹೆಸರು ಬರೆಯುವ ಅದೇ ಅಚ್ಚುಕಟ್ಟು ಅಕ್ಷರದಲ್ಲಿ ನನ್ನ ರಾಜೀನಾಮೆ ಪತ್ರ ಬರೆದರು. ಸಹಿಯ ಜಾಗ ಮಾತ್ರ ಖಾಲಿ ಬಿಟ್ಟು ಅದನ್ನು ರೇಡಿಯೋದ ಅಡಿಯಲ್ಲಿಟ್ಟರು. "ಇನ್ನೊಂದು ಪರೀಕ್ಷೆ ಇದೆ" ಅಂದೆ. "ಇದೆ" ಅಂದರು ಅವರು, ನನ್ನ ಮುಖ ನೋಡದೆ. ಆ ಪತ್ರಕ್ಕೆ ಸಹಿ ಹಾಕಿದರೆ ನನಗೆ ಉಳಿಯುವುದು ಮಂಚ ಮತ್ತು ಎದುರು ಬಿಲ್ಡಿಂಗಿನ ಬಟ್ಟೆ. ಆಪರೇಷನ್ನಿಗೆ ಒಳಗೆ ಹೋಗುವಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಡಾಕ್ಟರ ಮಾತು ಕೇಳಿದ ಮೇಲೆ ಡಬ್ಬಾದಲ್ಲಿ ಒಂದು ಕಾಯಿದೆಯಾಯಿತು. ನನಗೆ ದಿನಕ್ಕೆ ಬಿಡಿಸಿದ ಸೊಪ್ಪು ಒಂದೇ ಹಿಡಿ. ಯಾರ ಹಿಡಿ ಎಂಬುದಕ್ಕೆ ದಾದರಿನಿಂದ ಕುರ್ಲಾದವರೆಗೆ ಜಗಳ ನಡೆದು, ಮರಾಠಿ ಬಾಯಿಯ ಹಿಡಿಯೇ ಪ್ರಮಾಣ ಎಂದು ತೀರ್ಮಾನವಾಯಿತು. ಅವರು ದಿನಾ ನ್ಯಾಯಾಧೀಶರಂತೆ ಮುಷ್ಟಿ ಮುಚ್ಚಿ, ಹೊರಗೆ ಚಾಚಿದ ಎಲೆಗಳನ್ನು ಕಿತ್ತು ತೆಗೆದು, ಉಳಿದದ್ದನ್ನು ನನ್ನ ಚೀಲಕ್ಕೆ ಹಾಕುತ್ತಿದ್ದರು. ಶನಿವಾರ ಎರಡು ಹಿಡಿ, ಎರಡನೆಯದು ಭಾನುವಾರಕ್ಕೆ. ಅವರು ರಜೆ ಹಾಕಿದ ದಿನ ಹುಬ್ಬಳ್ಳಿಯಾಕೆ ಅಳೆದಳು. "ನಿನ್ನ ಕೈ ದೊಡ್ಡದು" ಎಂದು ಎಲ್ಲರೂ ತಕರಾರು ತೆಗೆದು ಎರಡು ದಂಟು ವಾಪಸು ತೆಗೆಸಿದರು. ಯಾರೋ ಹೊಸಬಳು ಪಾಪ, ಪ್ರೀತಿಯಿಂದ ಇನ್ನಷ್ಟು ಪಾಲಕ್ ಹಾಕಲು ಬಂದು ಎಂಟು ಮಂದಿಯ ಕೈಯಲ್ಲಿ ಬೈಸಿಕೊಂಡಳು. ನಾನು ಇಳಿಯುವುದಕ್ಕೆ ಹಿಂದಿನ ಸ್ಟೇಷನ್ ಭಾಂಡುಪ್ ಬಂತೆಂದರೆ, "ಆಠ್ ವಾಜತಾ ಗೋಳಿ!" ಎಂದು ಎಂಟು ಗಂಟೆಯ ಮಾತ್ರೆಯನ್ನು ಎಲ್ಲರೂ ನೆನಪಿಸುತ್ತಿದ್ದರು. ಕಾಯಿಲೆಯವಳೆಂದು ಯಾರೂ ಮೆತ್ತಗೆ ಮಾತಾಡಿಸಲಿಲ್ಲ.

ನನಗೂ ಹುರುಪು ಬಂತು. ಬೆಳಿಗ್ಗೆ ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಸುತ್ತು ಹಾಕತೊಡಗಿದೆ, ಮೊದಲು ಐದು, ಆಮೇಲೆ ಹತ್ತು, ಮಳೆ ಬಂದರೆ ಛತ್ರಿ ಹಿಡಿದು. ಮೂರು ಮಹಡಿಯನ್ನು ಎಲ್ಲೂ ಕೂರದೆ ಹತ್ತಿದ ದಿನ ಬಾಗಿಲ ಬಳಿ ನಿಂತು ನನ್ನಷ್ಟಕ್ಕೆ ನಕ್ಕೆ. ಆದರೆ ಮೂರನೆಯ ಪರೀಕ್ಷೆಗೆ ರಕ್ತ ಕೊಟ್ಟ ದಿನ ಟೈಪಿಂಗಿನಲ್ಲಿ ಅಷ್ಟೊಂದು ತಪ್ಪು ಮಾಡಿದೆನೆಂದರೆ, ಆಫೀಸಿನವರು ಅರ್ಧ ದಿನ ರಜೆ ತೆಗೆದುಕೊಳ್ಳಿ ಅಂದರು.

ರಿಪೋರ್ಟು ತರಲು ನನ್ನ ಗಂಡನೇ ಹೋದರು. ಮರಳಿ ಬಂದು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು, "ಸರಿಯಾಗಿದೆ. ಹದ ನಿಂತಿದೆಯಂತೆ" ಅಂದರು. ನಾನು ಕುಣಿದಾಡುವುದೊಂದು ಬಾಕಿ. ಅವರು ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡರು. "ನೀನು ಟ್ರೈನಿನಲ್ಲಿರೋ ಹೊತ್ತು ನನ್ನ ಕೈಯಲ್ಲಿ ಒಂದು ಗೆರೆ ನೆಟ್ಟಗೆ ಎಳೆಯೋಕ್ಕಾಗ್ತಿರಲಿಲ್ಲ" ಅಂದರು. ಮೂರು ತಿಂಗಳು ಅವರ ಜೊತೆ ಜಗಳವಾಡಿದ್ದೆ, ಗೆಲ್ಲಬೇಕೆಂದುಕೊಂಡಿದ್ದೆ. ನಿಮಗೆ ಅಷ್ಟೊಂದು ಭಯವೇ ಎಂದು ಒಂದು ಸಲವೂ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಆಗ ನನಗೆ ಅವರ ಮೇಲೆ ಹುಟ್ಟಿದಷ್ಟು ಪ್ರೀತಿ ಮದುವೆಯ ಹೊಸತರಲ್ಲೂ ಹುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ, "ನಾನೂ ಸ್ಟೇಷನ್ನಿನವರೆಗೆ ಬರ್ತೀನಿ" ಎಂದು ಹೊರಟರು. ಸ್ಟೇಷನ್ನಿಗೆ ಬಂದಾಗ ನನ್ನ ಟ್ರೈನು ದೂರದಲ್ಲಿ ಕಾಣುತ್ತಿತ್ತು. ಬ್ರಿಜ್ಜಿನ ಮೆಟ್ಟಿಲು ಹತ್ತತೊಡಗಿದೆವು. ಮಾತಾಡುತ್ತಾ ಮೇಲೆ ಬಂದು ಪಕ್ಕಕ್ಕೆ ನೋಡಿದರೆ ಅವರಿಲ್ಲ. ನಡುವಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು. ಕುರ್ಚಿಯಲ್ಲಿ ಕೂತು ಗೆರೆ ಎಳೆಯುವ ಮನುಷ್ಯ, ಕಾರ್ಖಾನೆಯ ಬಸ್ಸಿನಲ್ಲಿ ಹೋಗಿ ಬರುವವರು. ನಾನು ಇಳಿದು ಹೋಗಿ ಪಕ್ಕದಲ್ಲಿ ನಿಂತೆ. ಟ್ರೈನು ಪ್ಲಾಟ್‌ಫಾರಂಗೆ ಬರುತ್ತಿತ್ತು.

"ನಂಗೇನಿಲ್ಲ, ಸುಸ್ತಷ್ಟೇ" ಅಂದರು. "ನೀನ್ಯಾಕೆ ನಿಂತೆ? ಟ್ರೈನ್ ತಪ್ಪುತ್ತೆ. ಓಡು!"

ನಾನು ಅವರ ಮುಖ ನೋಡಿದೆ. ಅವರು ನಗುತ್ತಾ ಕೈಯಿಂದ ನನ್ನ ಬೆನ್ನು ತಳ್ಳಿದರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅವರ ಕಣ್ಣೆದುರಿಗೇ ನಾನು ಓಡಿದೆ.