ಬಾವಿಗಿಳಿದ ಸೂಪರ್ ಹೀರೋ

ನೀವೇ ಹೇಳಿ ಗೆಳೆಯರೇ, ಸಿನೆಮಾದ ಸೂಪರ್ ಹೀರೋ ನಗಿಸಬೇಕೋ, ಗಂಭೀರವಾಗಿರಬೇಕೋ? ಇಂದು ಅವರ್ಸಾದಲ್ಲಿ, ವೇಷ ಕಟ್ಟಿ ಊರನ್ನು ನಗಿಸುವ ಹೋಳಿ ಹಗರಣದಲ್ಲಿ ಇದೇ ಜಗಳ. ಗಾರೆ ಕೆಲಸದ ನಾಗೇಶ ಹೆಂಡತಿಯ ಕೆಂಪು ಸೀರೆಯನ್ನು ಬೆನ್ನಿಗೆ ಕಟ್ಟಿಕೊಂಡು, ಸೂಪರ್ ಹೀರೋ ವೇಷದಲ್ಲಿ ಮುಖ ಬಿಗಿದು ನಿಂತಿದ್ದ.

"ಸ್ವಲ್ಪ ನಗ್ಸು ಮಾರಾಯಾ. ನಗ್ಸದೇ ಇದ್ದ ಹೀರೋನ ಸಿನೆಮಾನೂ ಯಾರೂ ನೋಡೂದಿಲ್ಲ," ಎಂದೆ.

"ವರ್ಷವಿಡೀ ನನ್ನ ಕುಳ್ಳ ಅಂತ ನಗ್ತ್ರಿ. ಇವತ್ತೊಂದಿನ ನಗಬೇಡಿ."

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕೂಗಿದಳು: "ತಮಾ, ನನ್ನ ಕೊಡಪಾನ ಬಾವಿಗೆ ಬಿತ್ತು, ತೆಗ್ದ್ ಕೊಡು."

ನಾಗೇಶ ವೇಷದಲ್ಲೇ ಇಳಿದ. ಕೊಡಪಾನ ಹಿಡಿದು ಮೇಲೆ ಬಂದಾಗ ಯಾರೂ ನಗಲಿಲ್ಲ.

"ಹೆಂಡ್ತಿ ಸೀರೆ ಒದ್ದೆ ಆಯ್ತಲ್ಲೋ," ಎಂದಳು ಅಜ್ಜಿ. ಮೊದಲು ನಕ್ಕವನು ಅವನೇ.

ನಮ್ಮ ವಾದವಿನ್ನೂ ಬಾವಿಕಟ್ಟೆಯ ಮೇಲೆ. ಕೊಡಪಾನವಾಗಲೇ ಅಜ್ಜಿಯ ಸೊಂಟದ ಮೇಲೆ.